ಸುಮ್ಮನೆ ನಿಲ್ಲಲು ಬಾರದ ಆನೆ: ಡ್ರಾಯಿಂಗ್ ಮೇಷ್ಟ್ರು ‘ಪ್ಲಾನೆಟ್ ಝೂ’ ಆಡಿದ್ದು

ಆನೆಯ ಹಿಂಗಾಲು ಬರೆಯುವುದು ನಮ್ಮ ಶಾಲೆ ಮಕ್ಕಳಿಗೆ ಯಾವಾಗಲೂ ಕಷ್ಟ. ನಾಯಿ, ಹಸು ಬರೆದು ಕೈ ಪಳಗಿರುತ್ತದೆ. ಅದೇ ಅಭ್ಯಾಸದಲ್ಲಿ ಆನೆಯ ಹಿಂಗಾಲನ್ನೂ ನಡುವೆ ಹಿಂದಕ್ಕೆ ಮುರಿದುಬಿಡುತ್ತಾರೆ. ಆನೆಗೆ ಹಾಗಿರುವುದಿಲ್ಲ. ಅದರ ಮಂಡಿ ಕೆಳಗಡೆ ಇರುತ್ತದೆ, ನಮ್ಮ ಮಂಡಿಯ ಹಾಗೇ ಮಡಚುತ್ತದೆ. "ದೊಗಲೆ ಪೈಜಾಮ ಹಾಕ್ಕೊಂಡ ತಾತ ಬೆನ್ನು ತಿರುಗಿಸಿ ನಿಂತಿದ್ದಾರೆ ಅಂದ್ಕೊಂಡು ಬರೀರಿ" ಅಂದರೆ ತಟ್ಟನೆ ಬರುತ್ತದೆ.

ಹಾಗಾಗಿ ಮಗಳು ಲ್ಯಾಪ್‌ಟಾಪಿನಲ್ಲಿ ‘ಪ್ಲಾನೆಟ್ ಝೂ’ ಹಾಕಿ, "ಅಪ್ಪ, ಬಾ ಇಲ್ಲಿ, ನಿನ್ ಆನೆ ಬಂದಿದೆ" ಅಂದಾಗ ನಾನು ಮೊದಲು ನೋಡಿದ್ದು ಆ ಕಾಲನ್ನೇ. ಸರಿಯಾಗಿತ್ತು. ಪೈಜಾಮದ ಸುಕ್ಕು ಕೂಡ ಇತ್ತು. ಅವತ್ತು ರಾತ್ರಿ ಹನ್ನೊಂದೂವರೆವರೆಗೆ ಇಬ್ಬರೂ ಕೂತಿದ್ದೆವು. ಮನೆಯವಳು ಎರಡು ಸಲ ಬಂದು ಬೈದು ಹೋದಳು.

ಇದು ಮೂರು ತಿಂಗಳ ಹಿಂದಿನ ಮಾತು. ಆಮೇಲೆ ನಾನೇ ಒಂಟಿಯಾಗಿಯೂ ಆಡಿದ್ದೇನೆ. ಆಡಿದ್ದಕ್ಕಿಂತ ನೋಡಿದ್ದು ಜಾಸ್ತಿ. ನಾನು ಮೈಸೂರಿನವನು. ವರ್ಷಗಳಿಂದ ಭಾನುವಾರ ಬಂದರೆ ಸ್ಕೆಚ್ ಪುಸ್ತಕ ಹಿಡಿದು ನಮ್ಮ ಝೂಗೆ ಹೋಗುತ್ತೇನೆ, ಕೆಲವು ಸಲ ಮಕ್ಕಳನ್ನೂ ಕರೆದುಕೊಂಡು. ಮಗಳು ಅನಿಮೇಷನ್ ಓದುತ್ತಿದ್ದಾಳೆ. ಅಂದರೆ ನಾನು ನಿಂತ ಪ್ರಾಣಿ ಬರೆಯುವವನು, ಅವಳು ಅದನ್ನು ನಡೆಸುವವಳು. ಈ ಆಟದ ಬಗ್ಗೆ ನಮ್ಮಿಬ್ಬರ ಜಗಳ ಶುರುವಾಗುವುದೂ ಅಲ್ಲೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಮಾಡಿದ ಆಟ ಇದು. 2019ರ ನವೆಂಬರ್ 5ರಂದು ಕಂಪ್ಯೂಟರಿಗೆ ಬಂತು. 2024ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ಗೂ ಬಂತು. ಖಾಲಿ ಜಾಗದಲ್ಲಿ ನೀವೊಂದು ಝೂ ಕಟ್ಟಬೇಕು. ಬೇಲಿ, ಬಂಡೆ, ಕೊಳ, ಗಿಡ, ಐಸ್‌ಕ್ರೀಮ್ ಅಂಗಡಿ, ಎಲ್ಲ ನಿಮ್ಮದೇ. ಪ್ರಾಣಿ ತರಬೇಕು, ಸಾಕಬೇಕು, ಮರಿ ಮಾಡಿಸಬೇಕು, ಬೇಕಾದರೆ ಕಾಡಿಗೆ ಬಿಡಬೇಕು. ನಮ್ಮ ಕಡೆಯವರಿಗೆ ಖುಷಿಯ ಸಂಗತಿ ಅಂದರೆ ಭಾರತದ ಆನೆ, ಬಂಗಾಳದ ಹುಲಿ, ಒಂಟಿಕೊಂಬಿನ ಘೇಂಡಾಮೃಗ, ನವಿಲು ನಾಲ್ಕೂ ಮೂಲ ಆಟದಲ್ಲೇ ಇವೆ. ಸೀಳುನಾಯಿ ಬೇಕು ಅಂದರೆ ಬೇರೆ ಪ್ಯಾಕ್ ಕೊಳ್ಳಬೇಕು. ಇಂಥ ಪ್ಯಾಕ್‌ಗಳು ಬೇಕಾದಷ್ಟಿವೆ, ಪ್ರತಿಯೊಂದಕ್ಕೂ ಬೇರೆ ದುಡ್ಡು.

ಮೊದಲು ನಡಿಗೆಯ ವಿಚಾರ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ನಾಲ್ಕು ಕಾಲಿನ ಪ್ರಾಣಿ ನಿಧಾನ ನಡೆಯುವಾಗ ಕಾಲಿಡುವುದಕ್ಕೆ ಒಂದು ಲೆಕ್ಕ ಇದೆ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಕೇಳಲು ಸುಲಭ. ಬರೆಯಲು ಕೂತರೆ ದೊಡ್ಡ ದೊಡ್ಡವರೇ ಎಡವಿದ್ದಾರೆ. ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಓಡುವ ಕುದುರೆಯ ಫೋಟೋಗಳನ್ನು ಸಾಲಾಗಿ ತೆಗೆಯುವ ತನಕ, ಕುದುರೆ ನಾಲ್ಕೂ ಕಾಲನ್ನು ಹಿಂದೆಮುಂದೆ ಚಾಚಿ ಗಾಳಿಯಲ್ಲಿ ತೇಲುತ್ತದೆ ಅಂತಲೇ ಚಿತ್ರಗಾರರು ಬರೆಯುತ್ತಿದ್ದರು. 2012ರಲ್ಲಿ ಹಂಗೇರಿಯ ಸಂಶೋಧಕರು ನಡೆಯುವ ಪ್ರಾಣಿಗಳ ಸಾವಿರ ಚಿತ್ರ, ಶಿಲ್ಪ ಎಲ್ಲ ಹಾಕಿಕೊಂಡು ಕಾಲಿನ ತಪ್ಪು ಎಣಿಸಿದರು. ಮೈಬ್ರಿಜ್‌ಗಿಂತ ಮುಂಚಿನ ಕಲಾವಿದರು ನೂರಕ್ಕೆ 83.5ರಷ್ಟು ತಪ್ಪು. ಆಮೇಲಿನವರು 57.9. ಗುಹೆಯಲ್ಲಿ ಬರೆದ ಆದಿಮಾನವರು 46.2 ಅಷ್ಟೇ! ಬೇಟೆಗೆ ಹೋಗುವವನು ಕಾಲು ನೋಡದೆ ಇರುತ್ತಾನಾ. ಈ ಲೆಕ್ಕವನ್ನು ನಾನು ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಹೇಳುತ್ತೇನೆ. ಹುಡುಗರಿಗೆ ಬಹಳ ಸಮಾಧಾನ ಆಗುತ್ತದೆ.

ಪ್ಲಾನೆಟ್ ಝೂನ ಆನೆ ಈ ಪರೀಕ್ಷೆಯಲ್ಲಿ ಪಾಸು. ಒಳ್ಳೆಯ ಮಾರ್ಕ್ಸಿನಲ್ಲೇ ಪಾಸು. ಮೈಸೂರಿನಲ್ಲಿ ಇರುವವರಿಗೆ ಆನೆ ನಡಿಗೆ ನೋಡಲು ಬಡತನವಿಲ್ಲ. ದಸರೆಗೆ ಮುಂಚೆ ಬೆಳಗ್ಗೆ ಬೆಳಗ್ಗೆ ಅರಮನೆಯಿಂದ ಬನ್ನಿಮಂಟಪದ ತನಕ ತಾಲೀಮು ನಡೆಯುತ್ತದೆ, ಬೆನ್ನ ಮೇಲೆ ಮರಳು ಮೂಟೆ ಹೊತ್ತು. ಹಬ್ಬದ ದಿನ ಹೊರಬೇಕಾದ ಅಂಬಾರಿ 750 ಕೆ.ಜಿ. ಇದೆಯಲ್ಲ. ನಾನು ರಸ್ತೆ ಬದಿ ನಿಂತು ಬರೆಯುತ್ತೇನೆ. ಅಷ್ಟು ದೊಡ್ಡ ಮೈ, ಆದರೆ ಹೆಜ್ಜೆಯ ಸದ್ದೇ ಇಲ್ಲ. ಪಾದ ನೆಲಕ್ಕೆ ತಾಕಿದಾಗ ಅಗಲವಾಗುತ್ತದೆ, ಎತ್ತಿದಾಗ ಚಿಕ್ಕದಾಗುತ್ತದೆ. ಮುಂಗಾಲು ಬಿಟ್ಟ ಜಾಗದ ಮೇಲೇ ಹಿಂಗಾಲು ಬಂದು ಕೂರುತ್ತದೆ. ಎಷ್ಟೇ ಅವಸರ ಆದರೂ ಆನೆ ಕುದುರೆಯ ಹಾಗೆ ನೆಗೆದು ಓಡುವುದಿಲ್ಲ. ಗಂಟೆಗೆ 25 ಕಿ.ಮೀ. ವೇಗದಲ್ಲೂ ಯಾವುದಾದರೂ ಒಂದು ಕಾಲು ನೆಲದ ಮೇಲೆ ಇದ್ದೇ ಇರುತ್ತದೆ. ಆಟದಲ್ಲಿ ಈ ಭಾರ ಬಂದಿದೆ. ಭುಜ ಏಳುವುದು, ಹೊಟ್ಟೆಯ ಚರ್ಮ ಅರ್ಧ ಕ್ಷಣ ತಡವಾಗಿ ತೂಗುವುದು, ಎಲ್ಲ ಬಂದಿದೆ. ಮಾಡಿದವರು ಕೂತು ನೋಡಿದ್ದಾರೆ, ಅದರಲ್ಲಿ ಅನುಮಾನ ಇಲ್ಲ.

ಇದರ ಬೆಲೆ ತಿಳಿಯಬೇಕು ಅಂದರೆ ಕೆಟ್ಟದ್ದನ್ನೂ ನೋಡಬೇಕು. ಅಕ್ಕನ ಮೊಮ್ಮಗನ ಫೋನಿನಲ್ಲಿ ಒಂದು ಪುಕ್ಕಟೆ ಝೂ ಆಟ ಇತ್ತು. ಹೆಸರು ಬೇಡ ಬಿಡಿ. ಅದರಲ್ಲಿ ಜಿರಾಫೆ ಕುದುರೆಯ ಹಾಗೆ ಟ್ರಾಟ್ ಮಾಡುತ್ತಿತ್ತು, ಅಂದರೆ ಒಂದು ಪಕ್ಕದ ಮುಂಗಾಲು, ಇನ್ನೊಂದು ಪಕ್ಕದ ಹಿಂಗಾಲು ಒಟ್ಟಿಗೆ ಎತ್ತಿ ಓಡುತ್ತಿತ್ತು. ನಿಜವಾದ ಜಿರಾಫೆಗೆ ಟ್ರಾಟ್ ಬರುವುದೇ ಇಲ್ಲ. ನಡೆದರೆ ಒಂದೇ ಪಕ್ಕದ ಎರಡು ಕಾಲು ಹೆಚ್ಚುಕಮ್ಮಿ ಒಟ್ಟಿಗೆ ಮುಂದೆ ಬರುತ್ತವೆ, ಅವಸರವಾದರೆ ನೇರ ದೌಡು. "ಕುದುರೆಯ ರಿಗ್ ಎತ್ಕೊಂಡು ಕತ್ತು ಎಳೆದಿದ್ದಾರೆ ಅಪ್ಪ" ಅಂದಳು ಮಗಳು. ರಿಗ್ ಅಂದರೆ ಒಳಗಿನ ಮೂಳೆಯ ಚೌಕಟ್ಟು. ಮರಿ ಆನೆ ಅಂತ ಅಲ್ಲಿ ಇದ್ದದ್ದು ದೊಡ್ಡ ಆನೆಯನ್ನೇ ಕುಗ್ಗಿಸಿದ್ದು, ದಂತ ಸಮೇತ. ನಡೆಯುವಾಗ ಕಾಲು ಒಂದು ಕಡೆ ಆಡಿದರೆ ಮೈ ಇನ್ನೊಂದು ವೇಗದಲ್ಲಿ ಜಾರಿಕೊಂಡು ಹೋಗುತ್ತಿತ್ತು, ಎಣ್ಣೆ ಚೆಲ್ಲಿದ ನೆಲದ ಮೇಲೆ ಎಮ್ಮೆ ಹೋದ ಹಾಗೆ. ಕೊಳದ ಹತ್ತಿರ ಹೋಗಿ ಮಂಡಿವರೆಗೆ ನೆಲದೊಳಗೆ ಹೂತುಕೊಂಡು ನೀರು ಕುಡಿಯುತ್ತಿತ್ತು. ಹುಡುಗನಿಗೆ ಏನೂ ಅನ್ನಿಸಲಿಲ್ಲ. ನನಗೆ ಊಟ ಸೇರಲಿಲ್ಲ.

ಪ್ಲಾನೆಟ್ ಝೂ ಆ ಜಾತಿಯದ್ದಲ್ಲ. ಮರಿಗಳಿಗೆ ಬೇರೆಯದೇ ಮೈಕಟ್ಟು ಮಾಡಿದ್ದಾರೆ. ಮರಿ ತಾಯಿಯ ಹಿಂದೆ ಹಿಂದೆ ಹೋಗುವುದು ಚೆನ್ನಾಗಿದೆ. ಗೊರಿಲ್ಲ ಬೆರಳಿನ ಗೆಣ್ಣೂರಿ ನಡೆಯುವುದಂತೂ ಒಂದು ಕ್ಷಣ ಮೈ ಜುಮ್ಮೆನ್ನಿಸುತ್ತದೆ. ನಮ್ಮ ಝೂನಲ್ಲಿ ಪೋಲೋ ಅನ್ನುವ ಒಂಟಿ ಗೊರಿಲ್ಲ ಇತ್ತು, 2014ರಲ್ಲಿ ತೀರಿಕೊಂಡಿತು. ಅದನ್ನು ನೋಡಿ ಬರೆದ ಹಳೇ ಪುಸ್ತಕ ತೆಗೆದು ಪಕ್ಕಕ್ಕಿಟ್ಟುಕೊಂಡು ಹೋಲಿಸಿದೆ. ಭುಜದ ಇಳಿಜಾರು ಸರಿಯಾಗಿದೆ.

ಹಾಗಾದರೆ ತಕರಾರು ಏನು? ಹೇಳುತ್ತೇನೆ.

ಆ ಆನೆಗೆ ಸುಮ್ನೆ ನಿಲ್ಲಲು ಬರುವುದಿಲ್ಲ.

ಒಂದು ಭಾನುವಾರ ಆಟದೊಳಗಿನ ಆನೆಯನ್ನು ಬರೆಯೋಣ ಅಂತ ಕೂತೆ. ಕ್ಯಾಮೆರಾ ಹತ್ತಿರ ತಂದೆ. ಆನೆ ಬುಟ್ಟಿಯ ಹತ್ತಿರ ಬಂದು ತಿಂದಿತು. ತಿನ್ನುವುದು ಮುಗಿದ ತಕ್ಷಣ ತಿರುಗಿ ಕೊಳಕ್ಕೆ ನಡೆಯಿತು. ನೀರಾಟ. ಆಮೇಲೆ ಆಟಿಕೆ. ಆಮೇಲೆ ಮಲಗಿತು. ಎದ್ದಿತು. ಮತ್ತೆ ಬುಟ್ಟಿ. ಒಂದೊಂದೂ ನೋಡಲು ಸೊಗಸೇ. ಆದರೆ ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಏನೂ ಇಲ್ಲ. ಗಡಿಯಾರದ ಮುಳ್ಳು ಹೋದ ಹಾಗೆ.

ಮಗಳು ಒಳಗಿನ ಕೆಲಸ ಬಿಡಿಸಿ ಹೇಳಿದಳು. ಇಂಥ ಆಟಗಳೆಲ್ಲ ಹೆಚ್ಚುಕಮ್ಮಿ ಹೀಗೇ ನಡೆಯುವುದಂತೆ. ಪ್ರಾಣಿಗೆ ಹಸಿವು, ಬಾಯಾರಿಕೆ, ಆಯಾಸ ಹೀಗೆ ಕೆಲವು ಪಟ್ಟಿಗಳಿರುತ್ತವೆ, ಫೋನಿನ ಬ್ಯಾಟರಿ ಗುರುತಿನ ಹಾಗೆ. ಯಾವ ಪಟ್ಟಿ ಕೆಳಗಿಳಿಯಿತೋ ಅದನ್ನು ತುಂಬಿಸುವ ಜಾಗ ಹುಡುಕುತ್ತದೆ. ಅಲ್ಲಿಗೆ ದಾರಿ ಲೆಕ್ಕ ಹಾಕಿ ನಡೆಯುತ್ತದೆ. ನಿಗದಿಯಾದ ಜಾಗದಲ್ಲಿ ನಿಗದಿಯಾದ ದಿಕ್ಕಿಗೆ ನಿಲ್ಲುತ್ತದೆ. ಮೊದಲೇ ಮಾಡಿಟ್ಟ ಅನಿಮೇಷನ್ ತುಣುಕು ಓಡುತ್ತದೆ. ತುಣುಕಿಗೂ ತುಣುಕಿಗೂ ಜೋಡಣೆ ಕಾಣದ ಹಾಗೆ ಬೆಸುಗೆ ಹಾಕುತ್ತಾರೆ, ಅದಕ್ಕೆ ಬ್ಲೆಂಡಿಂಗ್ ಅನ್ನುತ್ತಾರೆ. ಬೆಸುಗೆ ಎಷ್ಟು ಚೆನ್ನಾಗಿದ್ದರೂ ಅದು ಬೆಸುಗೆಯೇ. ಅಲ್ಲಿ ಪ್ರಾಣಿ ಏನನ್ನೂ ಯೋಚಿಸುತ್ತಿಲ್ಲ.

ನಿಜವಾದ ಆನೆಯಲ್ಲಿ ನೋಡುವುದು ಇರುವುದೇ ಆ ನಡುವಿನ ಹೊತ್ತಿನಲ್ಲಿ. ಒಂದು ವರ್ಷ ದಸರೆ ಸಮಯದಲ್ಲಿ ಅರಮನೆ ಆವರಣದಲ್ಲಿ ಕೂತು ಬರೆಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಕಾವಾಡಿ, ಅಂದರೆ ಮಾವುತನ ಸಹಾಯಕ, ಬೀಡಿ ಹಚ್ಚಿಕೊಂಡು ಕೂತಿದ್ದ. ಆನೆ ಒಂದು ಹಿಂಗಾಲು ಸಡಿಲ ಬಿಟ್ಟು ನಿಂತಿತ್ತು, ನಾವು ಬಸ್ ಕಾಯುವಾಗ ನಿಲ್ಲುತ್ತೇವಲ್ಲ ಹಾಗೆ. ಕಿವಿ ನಿಧಾನ ಬೀಸುತ್ತಿತ್ತು. ಸೊಂಡಿಲ ತುದಿ ಮಾತ್ರ ನೆಲದ ಮೇಲೆ ಏನೋ ತಡಕುತ್ತಲೇ ಇತ್ತು. ಇದ್ದಕ್ಕಿದ್ದ ಹಾಗೆ ಕಿವಿ ನಿಂತಿತು.

"ಸೊಪ್ಪಿನ ಗಾಡಿ ಬಂತು ಸಾ" ಅಂದ ಕಾವಾಡಿ.

ನನಗೆ ಗಾಡಿ ಕಾಣಲೂ ಇಲ್ಲ, ಕೇಳಲೂ ಇಲ್ಲ. ನಾನು ಕಿವಿಯ ಗೆರೆ ತಿದ್ದಿ ಮುಗಿಸುವಷ್ಟರಲ್ಲಿ ಟ್ರ್ಯಾಕ್ಟರ್ ತಿರುವಿನಲ್ಲಿ ಕಂಡಿತು. ಆನೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಆದರೆ ಅದರ ಊಟ ಆಗಲೇ ಶುರುವಾಗಿತ್ತು. ಮೊದಲು ಕಿವಿಯಲ್ಲಿ, ಆಮೇಲೆ ಸೊಂಡಿಲಲ್ಲಿ, ಎಲ್ಲಕ್ಕಿಂತ ಕೊನೆಗೆ ಕಾಲಿನಲ್ಲಿ.

ಆಟದಲ್ಲಿ ಎಲ್ಲ ಶುರುವಾಗುವುದು ಕಾಲಿನಿಂದ. ಇಷ್ಟೇ ನನ್ನ ತಕರಾರು.

ನೊಣ ಕೂಡ ಇಲ್ಲ ನೋಡಿ. ಪ್ರಾಣಿಯ ಮೈಯಲ್ಲಿ ಅರ್ಧ ಚಲನೆ ನೊಣದಿಂದಲೇ ಬರುವುದು. ಚರ್ಮ ನಡುಗಿಸುವುದು, ಬಾಲ ಹೊಡೆಯುವುದು, ತಲೆ ಕೊಡವುವುದು. ನಾಗರಹೊಳೆಯ ಸಾಕಾನೆಗಳ ಮೇಲೆ ನಡೆದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಉದ್ದುದ್ದ ಕೊಂಬೆ ಕೊಟ್ಟರೆ 13ರಲ್ಲಿ 8 ಆನೆಗಳು ಅದನ್ನು ಮುರಿದು, ಸವರಿ, ಹಿಡಿಯಲು ಹದವಾದ ಉದ್ದಕ್ಕೆ ತಂದುಕೊಂಡು ನೊಣ ಓಡಿಸಿಕೊಂಡವು. ಎಂಥ ಜಾಣತನ! ಆಟದ ಆನೆಗೆ ಓಡಿಸಲು ನೊಣವೇ ಇಲ್ಲದ ಮೇಲೆ ಕೊಂಬೆ ಯಾಕೆ.

ಜಿರಾಫೆಯದೂ ಅದೇ ಕಥೆ. ಮೆಲುಕು ಹಾಕುವ ಜಿರಾಫೆಯ ಎದುರು ಹತ್ತು ನಿಮಿಷ ನಿಲ್ಲಿ. ಅಗಿಯುತ್ತಾ ಅಗಿಯುತ್ತಾ ಒಂದು ಸಲ ದವಡೆ ನಿಲ್ಲುತ್ತದೆ. ಗುಟುಕು ಇಳಿಯುತ್ತದೆ. ಒಂದು ಕ್ಷಣ ಕಣ್ಣು ಎಲ್ಲೋ ದೂರ. ಆಮೇಲೆ ಕತ್ತಿನ ಬುಡದಿಂದ ಒಂದು ಉಂಡೆ ಲಿಫ್ಟಿನ ಹಾಗೆ ಮೇಲಕ್ಕೆ ಏರುತ್ತದೆ, ಚರ್ಮದ ಹೊರಗಿನಿಂದಲೇ ಕಾಣುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಉಳಿದ ಝೂ ಬೇಡವೇ ಬೇಡ. ಆಟದಲ್ಲಿ ಈ ಉಂಡೆಗಾಗಿ ಒಂದು ಸಂಜೆಯೆಲ್ಲ ಕಾದೆ. ಬರಲಿಲ್ಲ. ಇದನ್ನು ತಪ್ಪು ಅಂತ ಹೇಳಲಾರೆ, ಆಸೆ ಅಷ್ಟೇ.

ಇನ್ನು ಸಮಯದ ವಿಚಾರ. ಇದು ನನಗೆ ತಡವಾಗಿ ಹೊಳೆಯಿತು. ಆಟದಲ್ಲಿ ಕ್ಯಾಲೆಂಡರ್ ಓಡುತ್ತದೆ, ಪ್ರಾಣಿ ಮಾತ್ರ ನಡೆಯುತ್ತದೆ. ಆನೆ 22 ತಿಂಗಳು ಗರ್ಭ ಹೊರುವ ಪ್ರಾಣಿ. ಅದನ್ನೆಲ್ಲ ನಿಜ ಸಮಯದಲ್ಲಿ ತೋರಿಸಿದರೆ ಯಾರು ಆಡುತ್ತಾರೆ? ಹಾಗಾಗಿ ವರ್ಷಗಳನ್ನು ನಿಮಿಷಗಳಿಗೆ ಇಳಿಸಿದ್ದಾರೆ. ಆದರೆ ಹೆಜ್ಜೆಯನ್ನು ಹಾಗೆ ಇಳಿಸಲು ಆಗುವುದಿಲ್ಲ, ಇಳಿಸಿದರೆ ಹಳೇ ಮೂಕಿ ಸಿನಿಮಾ ಆಗುತ್ತದೆ. ಪರಿಣಾಮ ಏನು? ಆನೆ ಬುಟ್ಟಿಯಿಂದ ಕೊಳಕ್ಕೆ ನಡೆದು ಹೋಗುವಷ್ಟರಲ್ಲಿ ಎಷ್ಟೋ ದಿನ ಕಳೆದಿರುತ್ತದೆ. ಅಂಥ ಆನೆಗೆ ಕಾಲು ಸಡಿಲ ಬಿಟ್ಟು ನಿಲ್ಲಲು ಪುರುಸೊತ್ತು ಎಲ್ಲಿ? ಸಿಂಹ ದಿನಕ್ಕೆ 20 ಗಂಟೆವರೆಗೂ ಬಿದ್ದುಕೊಂಡೇ ಕಳೆಯುವ ಪ್ರಾಣಿ. ಆಟದ ಸಿಂಹವನ್ನು ನೋಡಿದರೆ ನನಗೆ ಮಾರ್ಚ್ ತಿಂಗಳ ಬ್ಯಾಂಕ್ ನೌಕರರ ನೆನಪಾಗುತ್ತದೆ.

ಹುಲಿ ಚೆನ್ನಾಗಿದೆ. ಮೈಯ ಹೊಳಪು, ಮೀಸೆ, ನೀರಿಗಿಳಿಯುವುದು, ಎಲ್ಲ ಚೆನ್ನಾಗಿದೆ. ಆದರೆ ಅಲ್ಲೊಂದು ದೃಶ್ಯ ನೋಡಿ ನಾನು ಕುರ್ಚಿಯಿಂದ ಎದ್ದೆ. ಕೀಪರ್ ಬಾಗಿಲು ತೆಗೆದು, ಬಕೆಟ್ ಹಿಡಿದುಕೊಂಡು, ಹುಲಿ ಇರುವಾಗಲೇ ಒಳಗೆ ನಡೆದು ಹೋದ! ಗುಡಿಸಿದ. ಊಟ ಇಟ್ಟ. ಹುಲಿ ಅವನ ಪಕ್ಕದಲ್ಲೇ ಸುಳಿದು ಹೋಯಿತು, ಮದುವೆ ಮನೆಯಲ್ಲಿ ಪರಿಚಯ ಇಲ್ಲದ ನೆಂಟರು ಹಾದು ಹೋದ ಹಾಗೆ. ತಪ್ಪಿಸಿಕೊಂಡ ಹುಲಿ ಕೂಡ ಈ ಆಟದಲ್ಲಿ ಜನರನ್ನು ಕೊಲ್ಲುವುದಿಲ್ಲ. ಜನ ಕಿರುಚಿಕೊಂಡು ಓಡುತ್ತಾರೆ, ಅಷ್ಟೇ. ಮಕ್ಕಳು ಆಡುವ ಆಟ, ರಕ್ತ ಬೇಡ, ಒಪ್ಪಿದೆ. ಆದರೆ ಕೀಪರ್ ವಿಚಾರ ಬೇರೆ. ನಿಜವಾದ ಝೂನಲ್ಲಿ ಹುಲಿಯ ದಿನವೆಲ್ಲ ನಡೆಯುವುದೇ ಆ ಬಾಗಿಲಿನ ಸುತ್ತ. ಹಿಂದೆ ಅದರ ಕೋಣೆ ಇರುತ್ತದೆ. ಜಾರುವ ಕಬ್ಬಿಣದ ಗೇಟು ಇರುತ್ತದೆ. ಹುಲಿಯನ್ನು ಕೋಣೆಗೆ ಕಳಿಸಿ, ಗೇಟು ಹಾಕಿ, ಬೀಗ ನೋಡಿ, ಆಮೇಲೆ ಮನುಷ್ಯ ಬಯಲಿಗೆ ಇಳಿಯುತ್ತಾನೆ. ಸಂಜೆ ಗೇಟಿನ ಹತ್ತಿರ ಹುಲಿ ಹೇಗೆ ಕಾಯುತ್ತದೆ ಗೊತ್ತಾ? ಮನುಷ್ಯರ ಹೆಜ್ಜೆ ಸದ್ದಿಗೆ ತಲೆ ಎತ್ತುತ್ತದೆ. ಮತ್ತೆ ಇಳಿಸುತ್ತದೆ. ನಮ್ಮ ದೇಶದ ಎಷ್ಟೋ ಝೂಗಳಲ್ಲಿ ಮಾಂಸಾಹಾರಿಗಳಿಗೆ ವಾರಕ್ಕೊಂದು ದಿನ ಉಪವಾಸ. ಆಟದಲ್ಲಿ ಗೇಟೂ ಇಲ್ಲ, ಕಾಯುವುದೂ ಇಲ್ಲ, ಉಪವಾಸವೂ ಇಲ್ಲ. ಒಂದು ಜಾರುವ ಗೇಟು ಕೊಟ್ಟಿದ್ದರೆ ಹುಲಿಗೆ ಒಂದು ಸಂಜೆ ಸಿಗುತ್ತಿತ್ತು.

ನವಿಲಿನ ವಿಷಯ ಬೇಗ ಮುಗಿಸುತ್ತೇನೆ, ಸಿಟ್ಟು ಬರುತ್ತದೆ. ಗರಿ ಬಿಚ್ಚುವುದನ್ನು ಚೆಂದ ಮಾಡಿದ್ದಾರೆ. ಹಾರುವುದನ್ನೇ ಬಿಟ್ಟಿದ್ದಾರೆ. ಮೂಲ ಆಟದ ಬಯಲಿನಲ್ಲಿ ಇರುವ ಹಕ್ಕಿಗಳು ನವಿಲು, ಫ್ಲೆಮಿಂಗೊ, ಆಸ್ಟ್ರಿಚ್. ಮೂರೂ ನಡೆಯುತ್ತವೆ. ಆಸ್ಟ್ರಿಚ್‌ಗೆ ಅದು ಸರಿ. ಉಳಿದೆರಡಕ್ಕೆ? ಕಾರಂಜಿ ಕೆರೆಯ ಪಕ್ಷಿಮನೆಗೆ ಸಂಜೆ ಹೋಗಿ ನೋಡಿ. ನವಿಲು ಕತ್ತು ಉದ್ದ ಮಾಡಿ ಮೇಲಿನ ಕೊಂಬೆಯನ್ನು ಅಳೆಯುತ್ತದೆ. ಹಿಂದೆ ಸರಿಯುತ್ತದೆ. ಮತ್ತೆ ಅಳೆಯುತ್ತದೆ. ಹಾರುತ್ತದೋ ಇಲ್ಲವೋ ಅಂತ ನಾವು ಉಸಿರು ಹಿಡಿದಿರುತ್ತೇವೆ. ಆಮೇಲೆ ಒಂದೇ ಸಲ ಅಷ್ಟು ಉದ್ದದ ಬಾಲ ಎಳೆದುಕೊಂಡು ಮರ ಏರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗರಿಯೆಲ್ಲ ಉದುರಿ ಬೋಳಾಗಿ ನಾಚಿಕೊಂಡ ಹಾಗೆ ಓಡಾಡುತ್ತದೆ. ಆಟದ ನವಿಲಿಗೆ ಹನ್ನೆರಡು ತಿಂಗಳೂ ಮದುವೆ ಬಟ್ಟೆ.

ನೀರಿನ ವಿಚಾರದಲ್ಲಿ ಆಟ ಸುಧಾರಿಸಿದೆ, ಅದನ್ನು ಹೇಳಲೇಬೇಕು. 2019ರಲ್ಲಿ ಬಂದಾಗ ಪ್ರಾಣಿಗಳು ನೀರಿನ ಮೇಲೆ ಈಜುತ್ತಿದ್ದವು, ಒಳಗೆ ಮುಳುಗುತ್ತಿರಲಿಲ್ಲ. 2020ರ ಕೊನೆಯಲ್ಲಿ ಮುಳುಗಿ ಈಜುವುದು ಬಂತು. ನೀರಾನೆಯದು ಇನ್ನೂ ತಮಾಷೆ. ಅದು ಹೆಸರಿಗೆ ನೀರಿನದು, ಈಜು ಬರುವುದಿಲ್ಲ. ತಳದ ಮೇಲೆ ಕಾಲೂರಿ, ಒದ್ದು, ತೇಲಿದ ಹಾಗೆ ನಡೆಯುತ್ತದೆ, ಚಂದ್ರನ ಮೇಲೆ ನಡೆದವರ ಹಾಗೆ. ಇದನ್ನು ಅನಿಮೇಷನ್ ಮಾಡುವುದು ಎಷ್ಟು ಖುಷಿಯ ಕೆಲಸ ಅಂತ ಮಗಳು ಕಣ್ಣರಳಿಸಿ ಹೇಳುತ್ತಿದ್ದಳು.

ಈಗ ಒಂದು ವಿಚಿತ್ರ ಹೇಳುತ್ತೇನೆ. ಈ ಆಟದಲ್ಲಿ ಹಾವು, ಕಪ್ಪೆ, ಜೇಡ ಇವಕ್ಕೆ ಬಯಲಿಲ್ಲ. ಒಂದೇ ಅಳತೆಯ ಗಾಜಿನ ಪೆಟ್ಟಿಗೆಗಳು. ಒಳಗೆ ಪ್ರಾಣಿ ಹೆಚ್ಚು ಓಡಾಡುವುದಿಲ್ಲ, ಕೆಲವು ನಿಗದಿತ ಜಾಗಗಳಲ್ಲಿ ಕೆಲವೇ ಚಲನೆ. ಕಡಿಮೆ ಖರ್ಚಿನ ಕೆಲಸ, ಆಡುವವರು ಬೈಯುವುದೂ ಇದನ್ನೇ. ನನಗೋ ಇಡೀ ಆಟದಲ್ಲಿ ನಿಜವಾದ ಪ್ರಾಣಿ ಅನ್ನಿಸಿದ್ದು ಆ ಪೆಟ್ಟಿಗೆಯ ಹಳದಿ ಅನಕೊಂಡ! ಸುರುಳಿ ಸುತ್ತಿ ಬಿದ್ದಿತ್ತು. ನಾಲಿಗೆ ಒಮ್ಮೆ ಹೊರಗೆ ಬಂದು ಹೋಯಿತು. ಬಿದ್ದೇ ಇತ್ತು. ನಮ್ಮ ಝೂನಲ್ಲೂ ಅನಕೊಂಡ ಇದೆ, ಹಸಿರು ಜಾತಿಯದು. ಜನ ಗಾಜು ತಟ್ಟಿ, "ಇದು ಪ್ಲಾಸ್ಟಿಕ್ಕಾ?" ಅಂತ ಕೇಳಿ ಮುಂದೆ ಹೋಗುತ್ತಾರೆ. ಆಟದೊಳಗಿನ ಜನರೂ ಪೆಟ್ಟಿಗೆ ನೋಡಿ ಮುಂದೆ ಹೋದರು. ಯಾರೂ ಪೂರ್ತಿ ಪ್ರಯತ್ನ ಹಾಕದ ಕಡೆ ಪ್ರಾಣಿ ತಾನಾಗಿ ಬಂದು ಕೂತಿದೆ.

ಇನ್ನೊಂದು ಗಂಭೀರ ಮಾತಿದೆ. ಬೇಜಾರಾದ ಪ್ರಾಣಿ ಹೇಗೆ ಕಾಣುತ್ತದೆ? ಹಿಂದೆ ಸರಪಳಿಯಲ್ಲಿ ಕಟ್ಟಿದ ಆನೆಗಳನ್ನು ನೋಡಿದವರಿಗೆ ಗೊತ್ತು. ಒಂದೇ ಲಯದಲ್ಲಿ ತೂಗುತ್ತವೆ, ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ಇಕ್ಕಟ್ಟಿನ ಬೋನಿನ ಚಿರತೆ ಒಂದೇ ಗೆರೆಯ ಮೇಲೆ ಅತ್ತಿತ್ತ ನಡೆಯುತ್ತದೆ, ತಿರುಗುವ ಜಾಗದಲ್ಲಿ ಪ್ರತಿ ಸಲವೂ ಅದೇ ಕಾಲು. ನೋಡಲು ಸಂಕಟ. ಪ್ಲಾನೆಟ್ ಝೂ ಪ್ರಾಣಿಯ ಕಷ್ಟದ ಬಗ್ಗೆ ಬಹಳ ಕಾಳಜಿ ಮಾಡುವ ಆಟ. ಜಾಗ ಸಾಲದಿದ್ದರೆ ಹೇಳುತ್ತದೆ. ಜನರ ಕಾಟಕ್ಕೆ ಒಂದೇ ಕಡೆಯಿಂದ ಕಾಣುವ ಗಾಜು ಹಾಕಿ ಅನ್ನುತ್ತದೆ. ಜೊತೆಗಾರ ಇಲ್ಲದಿದ್ದರೆ, ಗಿಡ ಆ ದೇಶದ್ದಲ್ಲದಿದ್ದರೆ, ಎಲ್ಲಕ್ಕೂ ಒಂದು ಪಟ್ಟಿ ಕೆಂಪಾಗುತ್ತದೆ. ಆದರೆ ನಾನು ಕಂಡಷ್ಟರಲ್ಲಿ ಆ ಕೆಂಪು ಪ್ರಾಣಿಯ ಮೈಗೆ ಇಳಿಯುವುದೇ ಇಲ್ಲ. ಪಟ್ಟಿ ಕೆಂಪಾಗಿರುವಾಗಲೂ ಆನೆ ಅದೇ ಚೆಂದದ ನಡಿಗೆ ನಡೆಯುತ್ತದೆ. ಅದರ ಕಷ್ಟ ಗೊತ್ತಾಗಲು ನಾನು ಆನೆಯಿಂದ ಕಣ್ಣು ತೆಗೆದು ಮೂಲೆಯ ಪಟ್ಟಿ ನೋಡಬೇಕು. ಮಕ್ಕಳಿಗೆ ಪ್ರಾಣಿ ನೋಡಲು ಕಲಿಸುವವನಿಗೆ ಇದು ಬಹಳ ನೋವಿನ ಸಂಗತಿ.

ಹಳೆಯದನ್ನೂ ನೆನೆಯಬೇಕು. ಮೈಕ್ರೋಸಾಫ್ಟ್ 2001ರಲ್ಲಿ ತಂದ ‘ಝೂ ಟೈಕೂನ್’ ನಮ್ಮ ಕಾಲದ್ದು. ಗೆಳೆಯನ ಮನೆಯ ದಪ್ಪ ಮಾನಿಟರಿನಲ್ಲಿ ಆಡುತ್ತಿದ್ದೆವು. ಬೆರಳಷ್ಟು ಆನೆ, ಓರೆಯಾಗಿ ಮೇಲಿನಿಂದ ಕಾಣುವುದು. ಅದರ ಹಿಂಗಾಲು ಎತ್ತ ಮಡಚುತ್ತದೆ ಅಂತ ಯಾರು ಕೇಳಿದ್ದರು? ನಾನೂ ಕೇಳಿರಲಿಲ್ಲ. ಕಡ್ಡಿ ಗೀಚಿ ಇದು ಆನೆ ಅಂದರೆ ನೋಡುವವರು ಉಳಿದದ್ದನ್ನು ತುಂಬಿಕೊಳ್ಳುತ್ತಾರೆ. ಸುಕ್ಕು, ರೋಮ, ಕಣ್ಣಿನ ತೇವ ಎಲ್ಲ ಬರೆದುಕೊಟ್ಟರೆ ಅವರಿಗೆ ತುಂಬಲು ಏನೂ ಉಳಿಯುವುದಿಲ್ಲ. ಆಗ ತಪ್ಪು ಹುಡುಕುತ್ತಾರೆ. ಪ್ಲಾನೆಟ್ ಝೂಗೆ ನನ್ನಂಥವರ ಕಾಟ ತಪ್ಪಿದ್ದಲ್ಲ. ‘ಲೆಟ್ಸ್ ಬಿಲ್ಡ್ ಎ ಝೂ’ ಅಂತ 2021ರ ಇನ್ನೊಂದು ಆಟ ಇದೆ, ಚುಕ್ಕಿ ಚುಕ್ಕಿ ಚಿತ್ರದ್ದು. ಅದರಲ್ಲಿ ಎರಡು ಪ್ರಾಣಿ ಸೇರಿಸಿ ಮೂರನೆಯದು ಮಾಡಬಹುದು. ಅದನ್ನು ನೋಡಿ ನನಗೆ ಸಿಟ್ಟೇ ಬರಲಿಲ್ಲ, ನಗು ಬಂತು.

ಮಗಳ ವಾದವನ್ನೂ ಬರೆಯದಿದ್ದರೆ ಅವಳು ಬಿಡುವುದಿಲ್ಲ. "ಅಪ್ಪ, ನಿಂಗೆ ಬೇಕಾಗಿರೋದು ಗೇಮ್ ಅಲ್ಲ. ನಿಂಗೆ ಬೇಕಾಗಿರೋದು ಅರ್ಧ ಗಂಟೆ ಸುಮ್ನೆ ನಿಂತಿರೋ ಆನೆ. ಅದಕ್ಕೆ ದುಡ್ಡು ಯಾರ್ ಕೊಡ್ತಾರೆ?" ಅವಳು ಹೇಳುವುದು ನಿಜವೇ. ಎಪ್ಪತ್ತಕ್ಕೂ ಹೆಚ್ಚು ಪ್ರಾಣಿಗಳು, ಒಂದೊಂದಕ್ಕೂ ನಡಿಗೆ, ಓಟ, ಊಟ, ನಿದ್ದೆ, ಜಗಳ, ಮರಿಯಾಟ. ಮನುಷ್ಯರ ಚಲನೆಯನ್ನಾದರೆ ನಟರಿಗೆ ಚಲನೆ ದಾಖಲಿಸುವ ವಿಶೇಷ ಬಟ್ಟೆ ತೊಡಿಸಿ ಹಿಡಿಯಬಹುದು. ಘೇಂಡಾಮೃಗಕ್ಕೆ ಆ ಬಟ್ಟೆ ಹಾಕುವವರು ಯಾರು? ವಿಡಿಯೊ ನೋಡಿ ನೋಡಿ ಕೈಯಲ್ಲೇ ಮಾಡಬೇಕು. ಅದರ ಮೇಲೆ ಆಡುವವನು ಎಲ್ಲಿ ಬೇಕಾದರೂ ಬಂಡೆ ಇಡುತ್ತಾನೆ, ಗುಂಡಿ ತೋಡುತ್ತಾನೆ. ಅಷ್ಟರ ನಡುವೆ ಕಾಲು ಸರಿಯಾಗಿ ನೆಲಕ್ಕೆ ತಾಕಿದರೆ ಅದೇ ದೊಡ್ಡದು. "ಇದನ್ನೆಲ್ಲ ಮಾಡಿದ ಮೇಲೆ ನೀನು ನೊಣ ಕೇಳ್ತೀಯ" ಅಂತ ನಗುತ್ತಾಳೆ. ಕೇಳುತ್ತೇನೆ. ಮೇಷ್ಟ್ರ ಕೆಲಸವೇ ಅದು. ತೊಂಬತ್ತೆಂಟು ತೆಗೆದವನಿಗೆ ಉಳಿದ ಎರಡು ಎಲ್ಲಿ ಅಂತ ಕೇಳಬೇಕು.

ಕೊಳ್ಳಬೇಕಾ? ಕೊಳ್ಳಿ, ಆದರೆ ಪೂರ್ತಿ ಬೆಲೆ ಕೊಟ್ಟು ಬೇಡ. ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆಗಾಗ ರಿಯಾಯಿತಿ ಬರುತ್ತದೆ, ಕಾಯಿರಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಹಾಕಬೇಡಿ. ನನ್ನ ಹಳೆಯದರಲ್ಲಿ ಹಾಕಿದಾಗ ಫ್ಯಾನು ಮಿಕ್ಸಿ ಹಾಗೆ ಕೂಗಿ, ಆನೆ ಫೋಟೋ ಫೋಟೋ ಆಗಿ ನಡೆಯಿತು. ಮಗಳದ್ದರಲ್ಲಿ ಸರಾಗ. ಮೊದಲ ಸಲ ಆಡುವವರು ಸ್ಯಾಂಡ್‌ಬಾಕ್ಸ್ ಮೋಡ್‌ನಲ್ಲಿ ಶುರು ಮಾಡಿ. ದುಡ್ಡಿನ ಚಿಂತೆ ಇರುವುದಿಲ್ಲ, ಬೇಕಾದಷ್ಟು ಹೊತ್ತು ಪ್ರಾಣಿ ನೋಡಬಹುದು. ಪ್ಯಾಕ್‌ಗಳ ಕಡೆ ಈಗಲೇ ಹೋಗಬೇಡಿ. ಮೂಲ ಆಟದ ಪ್ರಾಣಿಗಳೇ ವರ್ಷಕ್ಕಾಗುತ್ತವೆ. ಫೋನಿನ ಪುಕ್ಕಟೆ ಝೂಗಳನ್ನು ಮಕ್ಕಳಿಗೆ ಕೊಡುವುದಕ್ಕಿಂತ ಮಂಗಳವಾರ ಬಿಟ್ಟು ಇನ್ಯಾವುದಾದರೂ ದಿನ ನಮ್ಮ ಝೂಗೆ ಕರೆದುಕೊಂಡು ಬನ್ನಿ. ಮಂಗಳವಾರ ರಜ.

ಕಳೆದ ವಾರ ಮಗಳು ನನ್ನನ್ನು ಕರೆದು ಕೂರಿಸಿದಳು. ಆನೆಯ ಬಯಲಿನಿಂದ ಆಟಿಕೆಗಳನ್ನೆಲ್ಲ ತೆಗೆದುಹಾಕಿದ್ದಳು. ಚೆಂಡು, ತೂಗುವ ಬುಟ್ಟಿ, ನೀರು ಚಿಮ್ಮುವ ಕೊಳವೆ, ಏನೂ ಇಲ್ಲ. ಹೊಟ್ಟೆ ತುಂಬಿತ್ತು, ನೀರು ಕುಡಿದಾಗಿತ್ತು, ನಿದ್ದೆಯೂ ಆಗಿತ್ತು. "ಈಗ ನೋಡು" ಅಂದಳು. ಆನೆ ಬಯಲಿನ ನಡುವೆ ಬಂತು. ನಿಂತಿತು. ಕಿವಿ ಒಮ್ಮೆ ಬೀಸಿತು. ನಾನು ಪೆನ್ಸಿಲ್ ತೆಗೆದುಕೊಂಡೆ. ತಲೆಯ ಮೇಲಿನ ಎರಡು ಉಬ್ಬು ಬರೆದೆ, ಕಿವಿಯ ಮೇಲಂಚು ಬರೆದೆ, ಕೆಳಗೆ ಇಳಿಯುವಷ್ಟರಲ್ಲಿ ಅದು ತಿರುಗಿ ಬೇಲಿಯ ಕಡೆ ಹೊರಟಿತು.

"ಹನ್ನೊಂದು ಸೆಕೆಂಡು" ಅಂದಳು. ಫೋನಿನಲ್ಲಿ ಎಣಿಸುತ್ತಿದ್ದಳಂತೆ.

ಮೂಲೆಯ ಪಟ್ಟಿ ಆಗಲೇ ಕೆಂಪಾಗಿತ್ತು. ಆಟಿಕೆಗಳನ್ನೆಲ್ಲ ಒಂದೊಂದಾಗಿ ವಾಪಸ್ ಇಟ್ಟಳು.